ಕುಗ್ಗಿನ ಲೆಕ್ಕ

ಕಾಮಾಕ್ಷಿಪಾಳ್ಯ, ನಾಲ್ಕನೇ ಅಡ್ಡರಸ್ತೆ, ತಗಡಿನ ಶೆಡ್ಡು.
ಪಂಪಿನ ಹೊಟ್ಟೆ, ವಾಲ್ವಿನ ಕತ್ತು, ಮೋಟರಿನ ಮುಚ್ಚಳ,
ಕಬ್ಬಿಣವಾಗುವ ಮೊದಲು ಎಲ್ಲವೂ ಇಲ್ಲಿ ಮರ.
ಮೌನೇಶಾಚಾರ್ರ ಉಳಿಯ ಕೆಳಗೆ ಈ ಸಲ ಬಂದದ್ದು
ರೈಲಿನ ಮೂತಿ. ಒಂದಲ್ಲ, ಐದು. ಜಪಾನಿನವು.
ಕೆಂಗೇರಿ ಆಚೆಯ ಯಾವುದೋ ತರಬೇತಿ ಶಾಲೆಯ ಮೊಗಸಾಲೆಗಂತೆ,
ಇಪ್ಪತ್ತರಲ್ಲೊಂದು ಪಾಲು ಅಳತೆ.
ನಕ್ಷೆ ಓದುವವಳು ನಾನು,
ತಗಡಿನಲ್ಲಿ ಬಾಗು ಕತ್ತರಿಸಿ ಕೊಡುವವಳು.

"ಇದು ಸೊನ್ನೆ, ಆಚಾರ್ರೇ. ಅರವತ್ನಾಲ್ಕನೇ ಇಸವಿಯದು."
"ಸೊನ್ನೆಯಿಂದ ಶುರು ಮಾಡವ್ರೆ. ಬುದ್ಧಿವಂತರು."
ಗುಂಡು ಮೂತಿ, ಎರಡು ದೀಪ, ಮೂಗಿನ ತುದಿಗೊಂದು ಮುಚ್ಚಳ,
ಎರೆದು ಪೌಡರು ಬಳಿದ ಕೂಸಿನ ಮುಖ.
ಎರಡೇ ದಿನ. ಮುಗಿದ ಮೇಲೆ ಅಳೆದೆ:
ನೂರಕ್ಕೊಂದು ಪಾಲು ಹೆಚ್ಚು, ಎಲ್ಲ ಕಡೆಯೂ ಒಂದೇ ಸಮ.
ನಲವತ್ತು ವರ್ಷದ ಕೈ, ಕುಗ್ಗುಪಟ್ಟಿ ಹಿಡಿದುಬಿಟ್ಟಿತ್ತು.
ಕಾದ ಲೋಹ ಆರುವಾಗ ಕುಗ್ಗುತ್ತದೆಂದು
ಮೊದಲೇ ಹಿಗ್ಗಿಸಿ ಕೆತ್ತುವ ಅಳತೆ.
"ಇದನ್ನ ಎರಕ ಹೊಯ್ಯಲ್ಲ, ಮರವಾಗೇ ಇರುತ್ತೆ."
ಅವರು ಪಕ್ಕಕ್ಕಿಟ್ಟು ಇನ್ನೊಂದು ದಿಮ್ಮಿ ತೆಗೆದರು.

ನೂರರದು ಚೂಪು, ಇಳಿಗಣ್ಣು.
ಇನ್ನೂರರದು ಸೊನ್ನೆಯ ಮುಖವೇ, ಗದ್ದದ ಕೆಳಗೆ ಹಿಮ ಸೀಳುವ ನೇಗಿಲು.
"ನಾನೂರು ಎಲ್ಲಿ?"
"ಅದು ಸಣ್ಣ ಮೈಯದು, ಆರ್ಡರಿನಲ್ಲಿಲ್ಲ."
"ಆರುನೂರು?"
"ಆ ನಂಬರು ಓಡಲೇ ಇಲ್ಲವಂತೆ."
ನಕ್ಕರು. "ನಮ್ಮ ಬೀಎಂಟೀಸಿ ಥರಾನೇ."

ಆಮೇಲೆ ಐನೂರು.
ಹದಿನೈದು ಮೀಟರಿನ ಕೊಕ್ಕು, ನಮಗೆ ಎರಡೂವರೆ ಅಡಿ.
ಸುರಂಗದ ಬಾಯಿಗೆ ನುಗ್ಗಿದರೆ ಆ ತುದಿಯಲ್ಲಿ ಗಾಳಿ ಢಮ್ಮೆನ್ನುತ್ತಿತ್ತು,
ಊರವರು ಬೈಯುತ್ತಿದ್ದರು,
ಅದಕ್ಕೇ ಹಕ್ಕಿಯ ಮೂತಿ ಕಂಡುಕೊಂಡರಂತೆ ಎಂದೆ.
"ಯಾವ ಹಕ್ಕಿ?"
"ಮಿಂಚುಳ್ಳಿ."
ಉಳಿ ಕೆಳಗಿಟ್ಟರು.
ಮೂರು ದಿನ ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆಯ ಕಟ್ಟೆ ಮೇಲೆ
ಸ್ವೆಟರು ಹಾಕಿಕೊಂಡು ಕೂತರು. ಬಂದು ಹೇಳಿದ್ದಿಷ್ಟು:
"ನೀರಿಗೆ ಗೊತ್ತಾಗಲ್ಲ ಅದು ಬಂದಿದ್ದು."
ನಾಲ್ಕನೇ ದಿನ ನನ್ನನ್ನೂ ಕರಕೊಂಡು ಮೆಟ್ರೊ ಹತ್ತಿದರು,
ಮಾಗಡಿ ರೋಡಿನಿಂದ ಮೆಜೆಸ್ಟಿಕ್ಕಿಗೆ, ಟಿಕೇಟು ಅವರದೇ.
ಬೆಳಕು ಹೋಗಿ ಕತ್ತಲು ಬಡಿಯಿತು.
"ಕಿವಿ ಕಟ್ಟಿತಾ?" ಎಂದರು. "ಅಷ್ಟನ್ನ ಕೆತ್ತಿ ತೆಗೀಬೇಕು."

ಹನ್ನೊಂದು ದಿನ ತೆಗೆದರು.
ಅಂಗೈ ಸವರಿ, ಕಣ್ಣು ಮುಚ್ಚಿ, ಮತ್ತೆ ಸವರಿ.
ಒಂದೂವರೆ ಮೂಟೆ ಹೊಟ್ಟು.
ವೇಗ ಎಷ್ಟು ತೂಗುತ್ತದೆಂದು ಯಾರಾದರೂ ಕೇಳಿದರೆ
ನಾನು ಆ ಮೂಟೆ ತೋರಿಸುವವಳಿದ್ದೆ;
ಪಕ್ಕದ ಟೀ ಅಂಗಡಿಯವನು ಒಲೆಗೆ ಒಯ್ದ.

ಏಳುನೂರು ಬಂತು, ಬಾತುಕೋಳಿ ಮೂತಿ, ಚಪ್ಪಟೆ.
ಒಂಬತ್ತು ಮೀಟರಿನಲ್ಲೇ ಗಾಳಿಯನ್ನು ಸಮಾಧಾನ ಮಾಡಿತ್ತು.
"ಇದ್ಯಾಕೆ? ಅದೇ ಚೆನ್ನಾಗಿತ್ತಲ್ಲ?"
ಚೆಲುವಿಗೆ ಸೀಟು ಕಮ್ಮಿ, ಮುಂದಿನ ಬೋಗಿಗೆ ಮುಂಬಾಗಿಲಿಲ್ಲ,
ಖರ್ಚು ಹೆಚ್ಚು ಎಂದೆ.
ಮುನ್ನೂರರ ವೇಗದ ಆ ಮಿಂಚುಳ್ಳಿಯನ್ನು
ಹದಿನಾರರಿಂದ ಎಂಟು ಬೋಗಿಗೆ ಮೊಟಕಿ
ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿದರಂತೆ,
ಒಂದಕ್ಕೆ ಗುಲಾಬಿ ಬಳಿದು ಬೆಕ್ಕಿನ ಚಿತ್ರವಂತೆ.
"ಪಾಸೆಂಜರ್ ಮಾಡಿಬಿಟ್ಟರಾ?"
ಬೀಡಿ ಹಚ್ಚಿದರು, ಸೇದಲಿಲ್ಲ.
"ಮಕ್ಕಳು ಹತ್ತುತ್ತಾರಲ್ಲ, ಬಿಡು."

ಐದನ್ನೂ ಗೋಣಿ ಸುತ್ತಿ ಗೂಡ್ಸ್ ಆಟೋಗೆ ಏರಿಸಿದೆವು.
ಸುಮನಹಳ್ಳಿ ಸಿಗ್ನಲ್ಲು. ನಲವತ್ತು ನಿಮಿಷ.
ಗೋಣಿಯಿಂದ ಕೊಕ್ಕು ಹೊರಚಾಚಿ
ಮುಂದಿನ ಟಿಪ್ಪರಿನ ಹೊಗೆ ಕುಡಿಯುತ್ತಿತ್ತು.
ಡ್ರೈವರ್ ಚೆನ್ನಕೇಶವ ಕೇಳಿದ, "ರಾಕೆಟ್ಟಾ ಅಕ್ಕಾ?"
ಹೂಂ ಎಂದೆ.

ಅಳತೆ ತಪ್ಪಿದ ಆ ಸೊನ್ನೆ ಶೆಡ್ಡಿನಲ್ಲೇ ಉಳಿಯಿತು.
ಗಾಳಿಗೆ ಬಾಗಿಲು ಬಡಿಯದಂತೆ ಒತ್ತಿಡುತ್ತೇವೆ.
ಬಣ್ಣವಿಲ್ಲ, ದೀಪದ ಜಾಗದಲ್ಲಿ ಎರಡು ಕುಳಿ.
ತಿಂಗಳಿಗೊಮ್ಮೆ ಆಚಾರ್ರು ಪಟ್ಟಿ ಹಿಡಿದು ಅಳೆಯುತ್ತಾರೆ,
ನಾನು ನೋಡಿಲ್ಲವೆಂದುಕೊಂಡು.
ಈ ಬೇಸಗೆಗೆ ಕೂದಲೆಳೆಯಷ್ಟು ಕುಗ್ಗಿದೆಯಂತೆ.