ಕೆಂಪು ಮುಖ

ಶಾರ್ಜಾದಾಚೆ, ಮರಳು ತಟ್ಟಿ ಸಮಮಾಡಿದ ಬಯಲಲ್ಲಿ
ಆ ಪಾರ್ಕು. ಹೊರಬಾಗಿಲ ಬಳಿ ಒಂದು ಕಂಬ,
ಕಂಬದ ತಲೆಯಲ್ಲಿ ಮೂರು ಮುಖ:
ಹಸಿರು ನಗುತ್ತದೆ, ಹಳದಿ ಸುಮ್ಮನಿದೆ,
ಕೆಂಪಿನ ತುಟಿ ಕೆಳಗೆ ಬಾಗಿದೆ.
ಇಂದು ಹೇಗಿತ್ತು, ಎಂದು ಅರಬಿಯಲ್ಲೊಮ್ಮೆ
ಇಂಗ್ಲಿಷಿನಲ್ಲೊಮ್ಮೆ ಕೇಳುತ್ತದೆ.
ನಾವೆಲ್ಲ ಹಸಿರು ಒತ್ತಿ ಮನೆಗೆ ಹೋಗುವವರು.
ಕೆಂಪು ಗುಂಡಿಯ ಬಣ್ಣ ಸವೆದದ್ದು
ಒಂದೇ ಬೆರಳಿಗೆ.

ಸೆವ್ರಿನ್ ಬಾಯಿಯ ಬೆರಳು. ಹೆಸರಿಗೆ ತಕ್ಕ ಬಾಯಿ.
ಅಜ್ಮಾನಿನ ಟೈರು ಕಂಪನಿಯಲ್ಲಿ ಲೆಕ್ಕ ಬರೆಯುವವಳು,
ಐವತ್ತಮೂರು ವಯಸ್ಸು, ಮಂಡಿಗೆ ಪಟ್ಟಿ,
ವರ್ಷದ ಪಾಸಿಗೆ ಬೋನಸ್ಸಿನ ಅರ್ಧ.
ಶಮಾಲ್ ಎಂಬ ಉಕ್ಕಿನ ಹಳಿಯ ಮೇಲೆ
ಕೊನೆಯ ಸಾಲೇ ಬೇಕು ಅವಳಿಗೆ,
ಹೊಟ್ಟೆ ಎದೆಗೆ ಬರುವುದು ಅಲ್ಲೇ ಅಂತೆ.
ಇಳಿದ ಕೂಡಲೇ ಶುರು:

"ಮೂರನೇ ಇಳಿಜಾರಿಗೆ ಬ್ರೇಕು ಹಾಕಿದ್ದಾರೆ, ಕಳ್ಳರು.
ಆರನೇ ಗಾಡಿ ಎಡಕ್ಕೆ ಟಕ್ ಅನ್ನುತ್ತದೆ.
ಆ ಫೈಬರ್ ತಿಮಿಂಗಿಲಕ್ಕೆ ಕಣ್ಣು ಬಿಡಿಸಿದವನು
ಜನ್ಮದಲ್ಲಿ ಸಮುದ್ರ ನೋಡಿಲ್ಲ.
ಮುತ್ತಿನ ಗುಹೆಯ ಕತ್ತಲಲ್ಲಿ ಹಾಡುತ್ತಿದ್ದನಲ್ಲ,
ಆ ಮುದುಕ ನಾವಿಕನ ಗೊಂಬೆ, ಎಲ್ಲಿ ಅವನು?
ಅಲ್ಲೀಗ ಕೀಚೈನು ಮಾರುತ್ತಾರೆ."

ದಾಮು ಸಾಲಿಯಾನನಿಗೆ ರೇಗಿತು.
ವಾರಕ್ಕೊಂದು ರಜೆ, ಮಕ್ಕಳೆದುರು ಈ ರಾಗ!
"ಬೇಡದಿದ್ದರೆ ಬರುವುದು ಯಾಕೆ?"
"ಬೇಕು, ಅದಕ್ಕೇ," ಎಂದಳು
ಕಪ್ಪಿನ ತಳದಿಂದ ಜೋಳ ಕೆದಕುತ್ತ.
"ಇದಕ್ಕೂ ಉಪ್ಪಿಲ್ಲ."

ಇರ್ಷಾದ್ ಮೆಲ್ಲಗೆ: "ಬಾಯಿ,
ಅನ್ನ ಕೊಟ್ಟ ಜಾಗ. ದೂರು ನಮಗ್ಯಾಕೆ?"
ನಮಗೆಲ್ಲ ಅದೇ ಅಭ್ಯಾಸ.
ಊರಿಗೆ ಫೋನು ಹಚ್ಚಿದರೆ ಹಸಿರು.
ಒಂದು ರೂಮಿನಲ್ಲಿ ನಾಲ್ಕು ಮಂದಿ, ಹಸಿರು.
ಸಂಬಳ ಎರಡು ತಿಂಗಳು ತಡ, ಹಸಿರು.
ದವಡೆ ಬಾತ ರಾತ್ರಿಯಲ್ಲೂ
ಹ್ಞಾಂ, ಚೆನ್ನಾಗಿದ್ದೇನೆ, ಹಸಿರು.

ಅವಳೆಂದಳು: "ನೆಂಟ ಹೊಗಳಿ ಏಳುತ್ತಾನೆ.
ಸಾರು ಸಪ್ಪೆ ಅನ್ನುವವನು ಮನೆಯವನು.
ಹತ್ತೊಂಬತ್ತು ವರ್ಷ ನೆಂಟಳಾಗಿ ಸಾಕಾಗಿದೆ.
ವೀಸಾ ಕಚೇರಿಯಲ್ಲಿ ಬಾಯಿ ಬಿಡಲಾರೆ,
ಇಲ್ಲಾದರೂ ಬಿಡುತ್ತೇನೆ."

ಮೇ ತಿಂಗಳಲ್ಲಿ, ಸಾಲು ನಿಲ್ಲುವ ಕಡೆ
ನೆರಳಿನ ಬಟ್ಟೆ ಕಿತ್ತರು.
ಸಂಜೆ ಐದಕ್ಕೂ ಕಂಬಿ ಮುಟ್ಟಿದರೆ ದೋಸೆ ಕಲ್ಲು.
ನಾವು ಟೋಪಿ ತಂದೆವು, ಒದ್ದೆ ಟವೆಲು ತಂದೆವು,
ಹೊರಡುವಾಗ ಹಸಿರು ಒತ್ತಿದೆವು.
ಅವಳು ಒಂಬತ್ತು ಶನಿವಾರ ಕೆಂಪು ಒತ್ತಿದಳು
"ನಿನಗೂ ನೆರಳಿಲ್ಲವಲ್ಲೋ" ಎಂದು
ಕಾವಲಿನ ನೇಪಾಳಿ ಹುಡುಗನನ್ನೇ ಗದರುತ್ತ.
ಹತ್ತನೆಯ ಶನಿವಾರ, ಆಚೀಚೆ ನೋಡಿ,
ಅವನೂ ಒಮ್ಮೆ ಒತ್ತಿದ.

ಆಗಸ್ಟಿನಲ್ಲಿ ಬಟ್ಟೆ ಬಂತು.
ಅವಳಿಂದಲೇ ಬಂತು ಎನ್ನಲಾರೆ,
ಟೆಂಡರು, ಬಜೆಟ್ಟು, ಏನೇನೋ ಇರುತ್ತದೆ.
ಮೊದಲು ಅದರಡಿ ನಿಂತವನು ದಾಮು.
ಸೆವ್ರಿನ್ ಬಾಯಿ ಕತ್ತೆತ್ತಿದಳು:
"ಕಪ್ಪು ಬಣ್ಣ ಯಾರು ಆರಿಸಿದ್ದು? ಡಾಮರಿನ ಹಾಗೆ ಕಾಯುತ್ತದೆ."

ಟೈರು ಕಂಪನಿ ಮುಚ್ಚಿತು. ಅವಳೀಗ ಸಲಾಲಾದಲ್ಲಿ,
ಅಲ್ಲಿನ ಮಂಜನ್ನು ಬೈಯುತ್ತಿರಬೇಕು.
ಶನಿವಾರ ನಾವು ಹೋಗುತ್ತೇವೆ, ಏರುತ್ತೇವೆ, ಇಳಿಯುತ್ತೇವೆ.
ಸೂಪರ್, ಎನ್ನುತ್ತಾನೆ ದಾಮು.
ಸೂಪರ್, ಎನ್ನುತ್ತೇವೆ.
ಆಮೇಲೆ ಕಾರಿನವರೆಗೆ ಮಾತಿಲ್ಲ.

ಹೋದ ವಾರ ಕೊನೆಯ ಸಾಲಿನಲ್ಲಿ ಕೂತೆ.
ಮುಂದಿನ ಗಾಡಿ ಎಡಕ್ಕೆ, ಟಕ್.
ಎಷ್ಟು ವರ್ಷದಿಂದ ಅನ್ನುತ್ತಿತ್ತೋ!
ಕಂಬದೆದುರು ಬೆರಳು ಹಸಿರಿಗೇ ಹೋಯಿತು,
ಹಿಂದೆ ಯಾರದೋ ಮಗು, ಅಂಕಲ್ ಬೇಗ ಎಂದಿತು,
ಬಣ್ಣ ಹೋದ ಗುಂಡಿ ನಾನೆಣಿಸಿದಷ್ಟು ಗಟ್ಟಿಯಿರಲಿಲ್ಲ.

ರಾತ್ರಿ ಹೆಂಡತಿಗೆ ಫೋನು.
ಹೇಗಿದ್ದೀರಿ, ಎಂದಳು ಎಂದಿನಂತೆ.
ಹಲ್ಲು ನೋಯುತ್ತಿದೆ, ಎಂದೆ.
ಆಚೆ ಕಡೆ ಸದ್ದಿಲ್ಲ.
ಆಮೇಲೆ ಅವಳು ನಲವತ್ತು ನಿಮಿಷ
ನಲ್ಲಿಯ ತುಕ್ಕು ಹೇಳಿದಳು, ಮಗನ ಗಣಿತ ಹೇಳಿದಳು,
ವರ್ಷ ವರ್ಷ ನಾನು ಕಳಿಸುವ ಆ ಅತ್ತರಿನ ವಾಸನೆ
ತನಗೆ ಯಾವತ್ತೂ ಹಿಡಿಸಿಲ್ಲ ಎಂದು ಹೇಳಿದಳು.