ಪೋಡಿ

ತೀರ್ಥಪ್ಪನವರು ಸಿಪಿಯು ತಂದದ್ದು
ಮೊಪೆಡ್ಡಿನ ಮುಂದೆ ಹಳೆಯ ಜಮಖಾನದಲ್ಲಿ ಸುತ್ತಿ,
ಜ್ವರ ಬಂದ ಮಗುವನ್ನು ತರುವ ಹಾಗೆ.
ದುರ್ಗಿಗುಡಿಯ ಈ ಮೂರನೇ ಮಹಡಿಗೆ ಲಿಫ್ಟಿಲ್ಲ.
ಪ್ರತಿ ತಿರುವಿನಲ್ಲೂ ನಿಂತು ಎಣಿಸಿದ್ದರಂತೆ:
ಐವತ್ತೆಂಟು ಮೆಟ್ಟಿಲು.
ಮೂವತ್ತೊಂದು ವರ್ಷ ಸರ್ವೆಯರ್ ಆಗಿದ್ದವರು,
ಅಳೆಯದೆ ಎಲ್ಲೂ ಕೂರುವವರಲ್ಲ.

"ಒಂದೇ ಡಿಸ್ಕು, ಇಬ್ಬರು ನಾವು" ಅಂದರು.
ಅವರಿಗೆ ಹಳೇ ಎಕ್ಸ್‌ಪಿಯೇ ಬೇಕು;
ನಕ್ಷೆ ಬರೆಯುವ ತಂತ್ರಾಂಶ ಅದರಾಚೆ ಕಾಲಿಡುವುದಿಲ್ಲ.
ಹೆಂಡತಿ ಸರ್ವಮಂಗಳಮ್ಮ
ಗ್ರಂಥಾಲಯದ ತರಗತಿಯಲ್ಲಿ ಲಿನಕ್ಸ್ ಕಲಿತು ಬಂದು
ಸಂಘದ ಲೆಕ್ಕ ಇನ್ನು ಅದರಲ್ಲೇ ಅಂದಿದ್ದಾರೆ.
"ನಿಮ್ಮ ಕಿಟಕಿ ನಿಮಗಿರಲಿ, ನನ್ನ ಬಾಗಿಲು ನನಗೆ,
ಅಂತಾಳಮ್ಮ ಜಬೀನಾ."

ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿದೆ.
ಎರಡು ಗಂಟೆ. ಕೆಳಗಿನ ಹೋಟೆಲಿನಿಂದ ಎರಡು ಕಾಫಿ.
ಆಮೇಲೆ ಅಲ್ಲಲ್ಲಿ ಚೆದುರಿದ್ದನ್ನು ಒತ್ತಟ್ಟಿಗೆ ಸರಿಸಿ
ಪೆನ್‌ಡ್ರೈವಿನಿಂದ ಎಬ್ಬಿಸಿದೆ ಯಂತ್ರವನ್ನು.
ಪರದೆಯ ಮೇಲೆ ಉದ್ದಾನುದ್ದ ಒಂದು ಪಟ್ಟಿ,
ಒಂದೇ ಬಣ್ಣ.

"ಇದು ಸರ್ವೆ ನಂಬರು" ಅಂದರು ಕನ್ನಡಕ ಏರಿಸಿ.
ಹೌದು ಅಂದೆ. ನಾಲ್ಕೇ ಮೂಲ ಪಾಲು ಇದಕ್ಕೆ,
ಐದನೆಯವನು ಬಂದರೆ ಒಂದರ ಹೊಟ್ಟೆಯೊಳಗೆ ಹಿಸ್ಸೆ.
ಈ ಚಿಕ್ಕದು ಬೂಟಿನದು.
"ಬಂಡಿದಾರಿ! ಅಲ್ಲಿ ಯಾರೂ ಬಿತ್ತೋದಿಲ್ಲ,
ಅದು ಮುಚ್ಚಿದರೆ ಮಾತ್ರ ಯಾರೂ ಮನೆ ಸೇರೋದಿಲ್ಲ."
ಬಾಂದುಕಲ್ಲು ಎಲ್ಲಿ ಅಂತ ಕೇಳಿದರು.
ಕಲ್ಲಿಲ್ಲ ಸಾರ್, ಡಿಸ್ಕಿನ ಮೊದಲ ಚೂರಿನಲ್ಲಿ
ಅರವತ್ನಾಲ್ಕು ಬೈಟಿನ ಒಂದು ಪಹಣಿ, ಅಷ್ಟೇ.
ಅದು ಅಳಿಸಿದರೆ ನೆಲ ಇದ್ದಲ್ಲೇ ಇರುತ್ತದೆ,
ಯಾರದು ಎನ್ನುವುದು ಮಾತ್ರ ಹೋಗುತ್ತದೆ.

ಎಕ್ಸ್‌ಪಿಯ ಬೇಲಿಯನ್ನು ಎಡಕ್ಕೆ ಎಳೆದು ಒಪ್ಪಿಗೆ ಒತ್ತಿದೆ.
ಶೇಕಡಾ ಮೂವತ್ತು, ನಲವತ್ತೊಂದು.
ಅರವತ್ತಮೂರಕ್ಕೆ ಕರೆಂಟು ಹೋಯಿತು.
ಯುಪಿಎಸ್ ಕೀಚ್ ಕೀಚ್ ಎನ್ನತೊಡಗಿತು.
ಅದರಲ್ಲಿರುವುದು ಹನ್ನೊಂದು ನಿಮಿಷದ ಜೀವ.
ನಿಲ್ಲಿಸುವ ಹಾಗಿಲ್ಲ. ಮುಟ್ಟುವ ಹಾಗಿಲ್ಲ.
ಫ್ಯಾನು ನಿಂತ ಕೋಣೆಯಲ್ಲಿ ಇಬ್ಬರೂ
ಅಂಕಿಯನ್ನೇ ನೋಡುತ್ತ ಕೂತೆವು.
ಅವರ ತುಟಿ ಅಲುಗುತ್ತಿತ್ತು; ಪ್ರಾರ್ಥನೆಯೋ ಎಣಿಕೆಯೋ.

ಎಂಟನೇ ನಿಮಿಷಕ್ಕೆ ಪಟ್ಟಿಯ ಬಲಗಡೆ
ಬೂದು ಬಣ್ಣದ ಖಾಲಿ ತೆರೆದುಕೊಂಡಿತು.
"ಖರಾಬು" ಅಂದರು, ಉಸಿರು ಬಿಟ್ಟು.

ಸಂಜೆಗೆ ಅದರಲ್ಲಿ ಲಿನಕ್ಸ್ ಕೂತಿತು. ತೋರಿಸಿದೆ:
ಅಮ್ಮನ ಕಡೆಯಿಂದ ನಿಮ್ಮ ನಕ್ಷೆಗಳೆಲ್ಲ ಕಾಣುತ್ತವೆ.
ನಿಮ್ಮ ಕಡೆಯಿಂದ ಅವರ ಪಾಲು ಕಾಣುವುದಿಲ್ಲ,
ಹೆಸರಿಲ್ಲದ ಬಯಲು ಅನ್ನುತ್ತದೆ.
ಖಾಲಿ ಇದೆಯಲ್ಲ ಅಂತ ಎಂದೂ ಒರೆಸಬೇಡಿ.

ಅವರು ಜಮಖಾನವನ್ನು ಮಡಚಿದರು, ಬಿಚ್ಚಿದರು.
ಮತ್ತೆ ಮಡಚಿದರು.
"ಹೊಸನಗರದ ಆಚೆ ಒಂದು ಕಾನು.
ಬಿ ಖರಾಬು ಅಂತ ಬರೆದೆ.
ನನ್ನ ಕೈಯಲ್ಲಿದ್ದ ಕಾಗದದಲ್ಲಿ ಹಾಗೇ ಇತ್ತು.
ಏಳು ಒಲೆ ಉರೀತಿತ್ತಮ್ಮ.
ಒಂದರಲ್ಲಿ ನನಗೆ ಗಂಜಿ ಕಾಯಿಸಿ ಕೊಟ್ಟರು,
ಕುಡಿದು, ಬರೆದೆ."

ನಾನು ಮೌಸನ್ನು ಸುಮ್ಮನೆ ಆಚೀಚೆ ಆಡಿಸಿದೆ.
ಗೋಪಿ ವೃತ್ತದ ಕಡೆಯಿಂದ ಹಾರ್ನುಗಳು.
ಕರೆಂಟು ಯಾವಾಗ ಬಂತೋ ಗಮನಿಸಿರಲಿಲ್ಲ.

ಕೊನೆಗೆ ಕೇಳಿದೆ: ಆನ್ ಮಾಡಿದರೆ ಹತ್ತು ಸೆಕೆಂಡು ಕಾಯುತ್ತದೆ,
ಯಾರೂ ಏನೂ ಒತ್ತದಿದ್ದರೆ ಯಾವುದು ತೆರೆಯಲಿ?
"ಅವಳದು ಮೇಲಿರಲಿ.
ನನಗೆ ಬೇಕಾದಾಗ ನಾನೇ ಕೆಳಗಿಳೀತೀನಿ."
ಆರುನೂರು ರೂಪಾಯಿ, ಎರಡು ಸಲ ಎಣಿಸಿ ಕೊಟ್ಟರು.

ವಾರದ ಮೇಲೆ ಸರ್ವಮಂಗಳಮ್ಮನ ಫೋನು:
"ಆ ಹತ್ತನ್ನು ಮೂವತ್ತು ಮಾಡಿಕೊಡೇ ಜಬೀನಾ.
ಇವರು ಕನ್ನಡಕ ಹುಡುಕಿ ಬರೋದರೊಳಗೆ
ನನ್ನದು ತೆರೆದುಬಿಟ್ಟಿರುತ್ತೆ.
ಬಂದವರು ಹಾಗೇ ಕೂತು
ನನ್ನ ಸಂಘದ ಲೆಕ್ಕ ತಿದ್ದುತ್ತಾರೆ."