ಹತ್ತರ ಸ್ಪ್ಯಾನರ್

"ಸರ್ ಬರಲಿಲ್ವಾ ಮೇಡಂ?" ಎಂದ
ಕತ್ತಿಗೆ ಟ್ಯಾಗು ತೂಗಿಕೊಂಡ ಹುಡುಗ.
ಇಲ್ಲಪ್ಪ, ಕಾರು ನಂದು, ಕೆಟ್ಟಿರೋದೂ ನಂದೇ ಎಂದೆ.
ಕೂರಿಸಿದರು. ಗುಂಡಿ ಒತ್ತಿದರೆ ಕಾಫಿ.
ಗಾಜಿನಾಚೆ ಬಾನೆಟ್ಟು ತೆರೆದು ನಿಂತಿತ್ತು ನನ್ನ ಕಾರು
ಡಾಕ್ಟರ ಮುಂದೆ ಆ ಎಂದು ಬಾಯಿ ಬಿಟ್ಟ ಮಗುವಿನ ಹಾಗೆ.

ಅರ್ಧ ಗಂಟೆಗೆ ಬಂತು ನಾಲ್ಕು ಹಾಳೆಯ ಎಸ್ಟಿಮೇಟು:
ವೈರಿಂಗು ಪೂರ್ತಿ ಬದಲು, ಬ್ಲೋವರ್ ಮೋಟರು ಬದಲು,
ಬಿಚ್ಚುವುದಕ್ಕೊಂದು ಕೂಲಿ, ಕೂಡಿಸುವುದಕ್ಕೊಂದು,
ಕೈ ಒರೆಸುವ ಬಟ್ಟೆಗೆ ನೂರಾ ಎಂಬತ್ತು.
ಒಟ್ಟು ಇಪ್ಪತ್ತೊಂದು ಸಾವಿರದ ಮುನ್ನೂರ ನಲವತ್ತು,
ತೆರಿಗೆ ಬೇರೆ.

ನಾನು ಟೈಲರು. ಬಟ್ಟೆಚೂರಿನ ಬೆಲೆ ನನಗೆ ಹೇಳಬೇಡಿ.
ಮಂಡ್ಯದ ಅಶೋಕನಗರದಲ್ಲಿ, ನನ್ನ ಅಂಗಡಿಯ ಹಿಂದೆ
ಮೂಟೆ ಮೂಟೆ ಬಿದ್ದಿದೆ ಸಾಟಿನ್ನು, ಲೈನಿಂಗು, ಕಾಟನ್ನು.
ಬೇಕಾದರೆ ಇವರ ಇಡೀ ಶೋರೂಮು ಒರೆಸಿಕೊಡುತ್ತೇನೆ, ಬಿಟ್ಟಿ.

ಗೇಟಿನ ಬಳಿ ಕೀ ತಂದುಕೊಟ್ಟವನು ಬೇರೆ ಹುಡುಗ,
ಗ್ರೀಸು ಮೆತ್ತಿದ ಅಂಗಿ. ಕೆ.ಎಂ. ದೊಡ್ಡಿಯವನಂತೆ, ಲೋಹಿತ.
ಬಗ್ಗಿ ಸೀಟು ಸರಿಮಾಡುವವನ ಹಾಗೆ ಪಿಸುಗುಟ್ಟಿದ:
"ಅಕ್ಕ, ಮೋಟ್ರು ಚೆನ್ನಾಗೈತೆ. ವೈರು ಇಲಿ ಕಡ್ದಿರೋದು.
ಗ್ಲೋವ್ ಬಾಕ್ಸ್ ಬಿಚ್ಚಿ, ಕಾಣ್ತದೆ. ನಾ ಯೋಳ್ದೆ ಅನ್ಬೇಡಿ."
ಪಟ್ಟಿಯಲ್ಲಿ ಕೂಲಿಯೇ ಐದು ಸಾವಿರ. ಅದರಲ್ಲಿ
ಇವನ ಕೈಗೆಷ್ಟು ಎಂದು ಕೇಳಲು ನಾಲಿಗೆ ಏಳಲಿಲ್ಲ.

ಭಾನುವಾರ, ಮನೆ ಮುಂದೆ, ಹೊಂಗೆ ನೆರಳು.
ಇನಾಯತ್ ಸಾಬರ ಅಂಗಡಿಯಿಂದ ಎರಡು ಮಾರು ವೈರು, ಒಂದು ಟೇಪು,
ಸ್ಪ್ಯಾನರ್ ಸೆಟ್ಟು ಸಂಜೆವರೆಗೆ ಕಡ.
ಮಿಷನ್ನಿಗೆ ಎಣ್ಣೆ ಬಿಟ್ಟು, ಶಟಲ್ಲು ಬಿಚ್ಚಿ, ಸಿಕ್ಕುಬಿದ್ದ ನೂಲು ಎಳೆದ
ಇಪ್ಪತ್ತಾರು ವರ್ಷದ ಬೆರಳು, ಇದೂ ಅದೇ ಬಿಡು ಎಂದಿತು.
ಅದೇ ಆಗಿರಲಿಲ್ಲ. ಮೂರು ಸ್ಕ್ರೂ ಕಂಡವು, ನಾಲ್ಕನೆಯದು ಕಾಣದು.
ಗೆಣ್ಣು ಸುಲಿಯಿತು, ಸೊಂಟ ಹಿಡಿಯಿತು.
ಎದುರುಮನೆಯ ರಿಟೈರ್ಡ್ ಕಂಡಕ್ಟರು ಚೆಲುವೇಗೌಡರು
ಕುರ್ಚಿ ಹಾಕಿಸಿಕೊಂಡು ಕೂತು "ರೈಟ್, ರೈಟ್" ಎನ್ನುತ್ತಿದ್ದರು.

ಕಡೆಗೂ ಡಬ್ಬಿ ಕಳಚಿ ಬಂತು. ಒಳಗೆ
ಫಿಲ್ಟರಿನ ಮೇಲೆ ಅಂಗೈಯಗಲದ ಗೂಡು:
ಕಡಲೆಕಾಯಿ ಸಿಪ್ಪೆ, ಯಾರದೋ ಲಗ್ನಪತ್ರಿಕೆಯ ಚೂರು,
ಅದರ ಮೇಲೆ ಮೆತ್ತಗೆ ಹಾಸಿದ್ದು ನನ್ನದೇ ಬಟ್ಟೆ,
ನೀಲಿ ಸಾಟಿನ್ನು. ಯಾರ ರವಿಕೆಯದೆಂದೂ ಗೊತ್ತು.
ಲೈನಿಂಗು ಕೊಟ್ಟು, ಅಂಚು ಮಡಿಸಿ, ಎಂಥ ಕೆಲಸಗಾತಿ ಆ ಇಲಿ!
ಕೂಲಿ ಕೇಳಿಲ್ಲ.

ವೈರು ಹೊಸೆದು, ಟೇಪು ಸುತ್ತಿ, ಗುಂಡಿ ತಿರುಗಿಸಿದೆ.
ಗಾಳಿ ಬಂತು, ಇಲಿ ಉಚ್ಚೆಯ ನಾತದ ಸಮೇತ.
ಖರ್ಚು ನೂರಾ ಮೂವತ್ತು. ಚೆಲುವೇಗೌಡರು ಸೀಟಿ ಊದಿದರು.
ಸ್ಪ್ಯಾನರ್ ಎಣಿಸಿದರೆ ಹತ್ತರದ್ದು ಇಲ್ಲ.
ಚಾಪೆ ಕೊಡವಿದೆ, ಸೀಟಿನ ಸಂದು ಕೆದಕಿದೆ, ಸೆರಗೂ ಕೊಡವಿದೆ.
ಇನಾಯತ್ ಸಾಬರು ಇನ್ನೂರ ಇಪ್ಪತ್ತು ಮುರಿದುಕೊಂಡು
"ಹತ್ತರದ್ದು ಯಾರೂ ವಾಪಸ್ ತಂದಿಲ್ಲಮ್ಮ" ಎಂದರು.

ಸೋಮವಾರ ಅಂಗಡಿಗೆ ಬಂದಳು ಶಿಲ್ಪಶ್ರೀ.
"ಬ್ಲೌಸಿಗೆ ಆರುನೂರು ಅಂದ್ರಲ್ಲ ಆಂಟಿ, ವೀಡಿಯೋ ನೋಡ್ಕೊಂಡು
ನಾನೇ ಹೊಲ್ದೆ." ಎಡದ ತೋಳು ಬಲಕ್ಕೆ, ಬಲದ್ದು ಎಡಕ್ಕೆ.
"ಸ್ವಲ್ಪ ಸರಿ ಮಾಡ್ಕೊಡಿ."
ಬಿಚ್ಚುವುದಕ್ಕೊಂದು, ಕೂಡಿಸುವುದಕ್ಕೊಂದು, ತುಟಿವರೆಗೂ ಬಂತು.
ಅವಳ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು.
ನನ್ನ ಗೆಣ್ಣಿಗೆ ಸುತ್ತಿದ ಬಟ್ಟೆ.
ಕೂತ್ಕೋ, ನೀನೇ ಬಿಚ್ಚು ಎಂದು ಪುಟ್ಟ ಕತ್ತರಿ ಕೊಟ್ಟೆ.

ಈಗ ಶ್ರೀರಂಗಪಟ್ಟಣದ ಆರ್ಡರು ಹೊತ್ತು ಹೊರಟರೆ
ಡ್ಯಾಶಿನೊಳಗೆಲ್ಲೋ ಟಿಣ್ ಎನ್ನುತ್ತದೆ,
ಇಂಡುವಾಳಿನ ಹಂಪಿಗೆ ಒಂದು ಸಲ, ಗಣಂಗೂರಿಗೆ ಎರಡು.
"ಬಿಚ್ಚಿ ನೋಡಬಾರ್ದಾ?" ಎಂದರು ನಮ್ಮವರು.
ನೋಡಬಹುದು ಎಂದೆ.
ಹತ್ತರ ಸ್ಪ್ಯಾನರ್ ಬೇಕು.